ಕಾಲೇಜು ಬಿಟ್ಟವರಿಗೆ ಕಾಲಂ ಇಲ್ಲ

ಊಟಕ್ಕೆ ಬಿಡಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಹಳೇ ಮೈಸೂರು ಭಾಗದ ಒಂದು ಜಿಲ್ಲಾ ಕೇಂದ್ರ. ಕಾಲೇಜುಗಳ ನೋಡಲ್ ಅಧಿಕಾರಿಗಳಿಗೆ ಅಲ್ಲಿ ಒಂದು ದಿನದ ಕಾರ್ಯಾಗಾರ. ನೋಡಲ್ ಅಧಿಕಾರಿ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಕನ್ನಡ, ಇತಿಹಾಸ, ಕಾಮರ್ಸ್ ಪಾಠ ಮಾಡುವ ಮೇಷ್ಟ್ರು, ಮೇಡಂಗಳೇ ಇವರು. ತಮ್ಮ ಕಾಲೇಜಿನ ವಿದ್ಯಾರ್ಥಿಗಳ ಲೆಕ್ಕವನ್ನು ಸರ್ಕಾರದ ಪೋರ್ಟಲ್‌ಗೆ ತುಂಬುವ ಕೆಲಸ ಪಾಠದ ಜೊತೆಗೆ ಇವರ ಕೊರಳಿಗೆ ಬಿದ್ದಿರುತ್ತದೆ.

ಪರದೆ ಮೇಲೆ ಒಂದಾದ ಮೇಲೊಂದು ಕಾಲಂ ಬರ್ತಾ ಇತ್ತು. ಕೋರ್ಸ್, ವರ್ಷ, ಗಂಡು, ಹೆಣ್ಣು, ಎಸ್‌ಸಿ, ಎಸ್‌ಟಿ, ಒಬಿಸಿ. ಮೂರನೇ ಸಾಲಿನಲ್ಲಿದ್ದ ಒಬ್ಬ ಮೇಡಂ ಎದ್ದು ನಿಂತರು.

"ಸರ್, ಮಧ್ಯದಲ್ಲಿ ಬಿಟ್ಟು ಹೋದವರನ್ನ ಎಲ್ಲಿ ತೋರಿಸಬೇಕು?"

ತರಬೇತಿ ಕೊಡುತ್ತಿದ್ದವರು ಒಂದು ಕ್ಷಣ ನಿಂತು ಹೇಳಿದರು: "ಅದಕ್ಕೆ ಕಾಲಂ ಇಲ್ಲ ಮೇಡಂ. ಇರೋರನ್ನಷ್ಟೇ ತುಂಬಿ."

ಸಭೆ ಮುಂದೆ ಹೋಯಿತು. ನಾನು ಹಿಂದಿನ ಸಾಲಿನಲ್ಲಿ ಅಲ್ಲೇ ಉಳಿದೆ. ಯಾಕಂದ್ರೆ ನಾವು ಈ ರಾಜ್ಯದ ಉನ್ನತ ಶಿಕ್ಷಣದ ಬಗ್ಗೆ ಟಿವಿಯಲ್ಲಿ, ವಿಧಾನಸೌಧದಲ್ಲಿ, ಟೀ ಅಂಗಡಿಯಲ್ಲಿ ಆಡುವ ಬಹುತೇಕ ಮಾತುಗಳು ನಿಂತಿರುವುದು ಈ ಕೋಷ್ಟಕಗಳ ಮೇಲೆ. ಆ ಕೋಷ್ಟಕದಲ್ಲಿ ಒಂದು ಕಾಲಂ ಇಲ್ಲ ಅಂದರೆ, ಆ ಜನ ನಮ್ಮ ರಾಜಕಾರಣದಲ್ಲೂ ಇಲ್ಲ.

ಲೆಕ್ಕ ಹುಟ್ಟುವ ಜಾಗ

ಮೊದಲು ಇದು ಹೇಗೆ ನಡೆಯುತ್ತೆ ಅಂತ ನೋಡೋಣ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಎಂಬುದೊಂದಿದೆ. ಕೇಂದ್ರ ಶಿಕ್ಷಣ ಸಚಿವಾಲಯ ಇದನ್ನು 2011ರಲ್ಲಿ ಶುರು ಮಾಡಿತು, ಮೊದಲ ಸಮೀಕ್ಷೆ 2010-11ನೇ ಸಾಲಿನದು. ಕಾಲೇಜುಗಳಲ್ಲಿ ಇದನ್ನು 'ಐಶೆ' ಅಂತಾರೆ. ಪ್ರತಿ ಕಾಲೇಜಿಗೂ 'ಸಿ' ಅಕ್ಷರದಿಂದ ಶುರುವಾಗುವ ಒಂದು ಕೋಡ್ ಇರುತ್ತದೆ. ಕಾಲೇಜಿನ ನೋಡಲ್ ಅಧಿಕಾರಿ ಮಾಹಿತಿ ತುಂಬಬೇಕು, ವಿಶ್ವವಿದ್ಯಾಲಯದ ನೋಡಲ್ ಅಧಿಕಾರಿ, ರಾಜ್ಯದ ನೋಡಲ್ ಅಧಿಕಾರಿ ಅದರ ಮೇಲುಸ್ತುವಾರಿ ನೋಡಬೇಕು. ಎಲ್ಲ ಸೇರಿ ದೇಶದ ವರದಿ ಆಗುತ್ತದೆ.

2021-22ನೇ ಸಾಲಿನ ವರದಿ ಹೊರಬಂದಿದ್ದು 2024ರ ಜನವರಿಯಲ್ಲಿ. ಅದರ ಪ್ರಕಾರ ದೇಶದ ಉನ್ನತ ಶಿಕ್ಷಣದಲ್ಲಿ ಸುಮಾರು 4.33 ಕೋಟಿ ವಿದ್ಯಾರ್ಥಿಗಳಿದ್ದಾರೆ. 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನರಿಗೆ ದೇಶದ ಸರಾಸರಿ 30 ಕಾಲೇಜು, ಕರ್ನಾಟಕದಲ್ಲಿ 66. ದೇಶದಲ್ಲೇ ಹೆಚ್ಚು. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ, ಅದೂ ದೇಶದಲ್ಲೇ ಮೊದಲು. ಇಂಥ ಅಂಕಿ ಬಂದಾಗ ನಮಗೆ ಹೆಮ್ಮೆ ಆಗುತ್ತೆ. ಆಗಲಿ. ಆದರೆ ಅಷ್ಟು ಕಾಲೇಜುಗಳ ಒಳಗೆ ಹೋದವರಲ್ಲಿ ಎಷ್ಟು ಜನ ಡಿಗ್ರಿ ಕೈಲಿ ಹಿಡಿದು ಹೊರಗೆ ಬಂದರು?

ಈ ವರದಿಯಲ್ಲಿ ಎಲ್ಲರೂ ಎತ್ತಿ ಹೇಳುವ ಸಂಖ್ಯೆ ಒಂದಿದೆ: ಒಟ್ಟು ದಾಖಲಾತಿ ಅನುಪಾತ. ಕಾಲೇಜಿನಲ್ಲಿರುವ ಎಲ್ಲರ ಸಂಖ್ಯೆಯನ್ನು ಅವರ ವಯಸ್ಸು ಎಷ್ಟೇ ಇರಲಿ 18–23 ವಯಸ್ಸಿನ ಜನಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುವುದು. 2021-22ರಲ್ಲಿ ಇದು 28.4. ಎಸ್‌ಸಿ ವಿದ್ಯಾರ್ಥಿಗಳಲ್ಲಿ 25.9, ಎಸ್‌ಟಿಯಲ್ಲಿ 21.2. ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ 2035ರ ಹೊತ್ತಿಗೆ 50.

ಈ ಸಂಖ್ಯೆ ಎಷ್ಟು ನಾಜೂಕು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 2019-20ರ ವರದಿ ಬಂದಾಗ ಈ ಅನುಪಾತ 27.1 ಇತ್ತು. ಮುಂದಿನ ವರ್ಷದ ವರದಿಯಲ್ಲಿ ಜನಸಂಖ್ಯೆಯ ಅಂದಾಜನ್ನು 2011ರ ಜನಗಣತಿಗೆ ಬದಲಿಸಿದರು. ಅದೇ 2019-20ನೇ ಸಾಲು 25.6ಕ್ಕೆ ಇಳಿಯಿತು. ಒಬ್ಬ ವಿದ್ಯಾರ್ಥಿಯೂ ಕಾಲೇಜು ಬಿಡಲಿಲ್ಲ, ಒಬ್ಬನೂ ಸೇರಲಿಲ್ಲ. ಭಾಗಿಸುವ ಸಂಖ್ಯೆ ಬದಲಾಯಿತು, ಅಷ್ಟೇ. ಭಾಷಣದಲ್ಲಿ ಯಾರಾದರೂ "ಅನುಪಾತ ಏರಿದೆ" ಅಂದರೆ "ಯಾವ ಜನಗಣತಿ ಲೆಕ್ಕದಲ್ಲಿ ಸ್ವಾಮಿ?" ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಫೋಟೋ ಬೇರೆ, ಸಿನಿಮಾ ಬೇರೆ

ಐಶೆ ಮಾಡುವುದು ಫೋಟೋ ತೆಗೆಯುವ ಕೆಲಸ. ವರ್ಷದಲ್ಲಿ ಒಂದು ನಿಗದಿತ ದಿನಾಂಕ. ಆ ದಿನ ರಿಜಿಸ್ಟರಿನಲ್ಲಿ ಯಾರಿದ್ದಾರೋ ಅವರು ಲೆಕ್ಕಕ್ಕೆ. ಅದಾದ ಎರಡು ತಿಂಗಳಿಗೆ ಹುಡುಗಿಯೊಬ್ಬಳು ಮದುವೆಯಾಗಿ ಹೋದರೂ, ಹುಡುಗನೊಬ್ಬ ಡೆಲಿವರಿ ಕೆಲಸಕ್ಕೆ ಸೇರಿಕೊಂಡರೂ ಆ ವರ್ಷದ ವರದಿಯಲ್ಲಿ ಅವರು ವಿದ್ಯಾರ್ಥಿಗಳೇ. ಮುಂದಿನ ವರ್ಷದ ಫೋಟೋದಲ್ಲಿ ಅವರು ಇರಲ್ಲ, ಆದರೆ ಅವರ ಜಾಗದಲ್ಲಿ ಹೊಸಬರು ಬಂದಿರುತ್ತಾರೆ. ಎರಡು ಗ್ರೂಪ್ ಫೋಟೋ ಪಕ್ಕಪಕ್ಕ ಇಟ್ಟು ತಲೆ ಎಣಿಸಿದರೆ ಯಾರು ಕಾಣೆಯಾದರು ಅಂತ ಗೊತ್ತಾಗಲ್ಲ. ಅದಕ್ಕೆ ಸಿನಿಮಾ ಬೇಕು, ಒಬ್ಬೊಬ್ಬರ ಹಿಂದೆಯೂ ಹೋಗಬೇಕು.

ನನ್ನ ಎಂಜಿನಿಯರಿಂಗ್ ಕ್ಲಾಸಿನ ಕತೆ ಹೇಳ್ತೀನಿ. ಮೊದಲ ವರ್ಷ ನಾವು ಅರವತ್ತು ಜನ. ಎರಡನೇ ವರ್ಷ ಶುರುವಾಗುವ ಹೊತ್ತಿಗೆ ಐದು ಜನ ಇರಲಿಲ್ಲ. ಅದರಲ್ಲೊಬ್ಬ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಕನ್ನಡ ಮೀಡಿಯಂನಿಂದ ಬಂದವನು, ಗಣಿತದಲ್ಲಿ ನನಗಿಂತ ಚುರುಕು. ಎರಡು ವಿಷಯ ಹೋಯಿತು, ಅಪ್ಪನಿಗೆ ಹುಷಾರು ತಪ್ಪಿತು, ಟ್ರಂಕು ತಗೊಂಡು ಊರಿಗೆ ಹೋದ, ಬರಲಿಲ್ಲ. ಆದರೆ ಅದೇ ಮೂರನೇ ಸೆಮಿಸ್ಟರಿಗೆ ಡಿಪ್ಲೊಮಾ ಮುಗಿಸಿದ ಏಳು ಜನ ನೇರ ಎರಡನೇ ವರ್ಷಕ್ಕೆ ಬಂದು ಸೇರಿದರು. ಕ್ಲಾಸು ಅರವತ್ತೆರಡಾಯಿತು. ಕಾಗದದ ಮೇಲೆ ನಮ್ಮ ಕ್ಲಾಸು ಬೆಳೆದಿತ್ತು! ಬೆಂಚು ಖಾಲಿ ಇರಲಿಲ್ಲ, ಹಾಗಾಗಿ ಹೋದವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಾಲೇಜು ಬಿಡುವವರು ರಾಜೀನಾಮೆ ಪತ್ರ ಬರೆದು ಕೊಟ್ಟು ಹೋಗಲ್ಲ. ಮೊದಲು ಸೋಮವಾರ ಬರಲ್ಲ, ಆಮೇಲೆ ಆ ವಾರ ಬರಲ್ಲ, ಆಮೇಲೆ ಇಂಟರ್ನಲ್ಸ್‌ಗೆ ಬರಲ್ಲ, ಕೊನೆಗೆ ಪರೀಕ್ಷಾ ಶುಲ್ಕ ಕಟ್ಟಲ್ಲ. ಟಿಸಿ ಕೇಳಲು ಬಂದವರಷ್ಟೇ 'ಬಿಟ್ಟವರು'. ಉಳಿದವರು ಹಾಜರಾತಿ ಪುಸ್ತಕದಲ್ಲಿ ಉದ್ದುದ್ದ ಗೆರೆ.

ಇದರ ಜೊತೆಗೆ ಇನ್ನೊಂದು ತಮಾಷೆ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ. ಓದುವವರಿಗೆ ಇದು ಅನುಕೂಲವೂ ಇರಬಹುದು. ಆದರೆ ಲೆಕ್ಕದ ದೃಷ್ಟಿಯಿಂದ ನೋಡಿ: ಫೀಸು ಕಟ್ಟಲಾಗದೆ ಬಿಟ್ಟವಳೂ, ತಾನಾಗಿಯೇ ಬೇಡ ಅಂತ ಹೊರಟವನೂ ಒಂದೇ ಬಾಗಿಲಿನಿಂದ 'ನಿರ್ಗಮನ' ಆಗುತ್ತಾರೆ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಆ ನಡುವಿನ ವರ್ಷಗಳಲ್ಲಿ ಎಷ್ಟು ಜನ ಯಾವ ಕಾರಣಕ್ಕೆ ನಿರ್ಗಮಿಸಿದರು ಅನ್ನೋ ಪ್ರಶ್ನೆಯನ್ನು ನೀತಿಯ ಪರ ಇರುವವರೂ ಕೇಳಲಿಲ್ಲ, ವಿರೋಧಿಸಿದ ನಾವೂ ಗಟ್ಟಿಯಾಗಿ ಕೇಳಲಿಲ್ಲ.

ಹೆಸರು ಕೇಳಿದಾಗ ಏನಾಯಿತು

ತಲೆ ಎಣಿಸುವುದಕ್ಕೂ ಹೆಸರು ಹಿಡಿದು ಎಣಿಸುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಶಾಲೆಗಳ ಲೆಕ್ಕ ತೋರಿಸಿಕೊಟ್ಟಿದೆ. 2021-22ರವರೆಗೆ ಶಾಲೆಗಳು ಒಟ್ಟು ಸಂಖ್ಯೆ ಕೊಡುತ್ತಿದ್ದವು, ದೇಶದಲ್ಲಿ 26.52 ಕೋಟಿ ಮಕ್ಕಳಿದ್ದರು. 2022-23ರಿಂದ ಒಂದೊಂದು ಮಗುವಿನ ಮಾಹಿತಿ ಪ್ರತ್ಯೇಕವಾಗಿ ಕೇಳಿದರು. ಸಂಖ್ಯೆ 25.17 ಕೋಟಿಗೆ ಇಳಿಯಿತು, ಅದರ ಮುಂದಿನ ವರ್ಷ 24.80 ಕೋಟಿಗೆ. ಒಂದೇ ಮಗು ಎರಡು ಕಡೆ ಇದ್ದದ್ದು ಹೋಯಿತು, ಹೀಗಾಗಿ ಹಳೆಯದಕ್ಕೆ ಹೊಸದನ್ನು ಹೋಲಿಸಬೇಡಿ ಎಂಬುದು ಸರ್ಕಾರದ ವಾದ. ಅದರಲ್ಲಿ ನಿಜವೂ ಇದೆ. ಆದರೆ ಆ ಒಂದು ಕೋಟಿಗೂ ಮೀರಿದ ಮಕ್ಕಳಲ್ಲಿ ಎಷ್ಟು ಜನ ಬರೀ ಕಾಗದದ ಮಕ್ಕಳು, ಎಷ್ಟು ಜನ ನಿಜವಾಗಿ ಶಾಲೆ ಬಿಟ್ಟವರು ಅಂತ ಬೇರ್ಪಡಿಸುವ ದಾರಿಯೇ ಉಳಿಯಲಿಲ್ಲ. ಹಳೆಯ ಲೆಕ್ಕದಲ್ಲಿ ಹೆಸರೇ ಇರಲಿಲ್ಲವಲ್ಲ.

ಉನ್ನತ ಶಿಕ್ಷಣದಲ್ಲೂ ಬಿಟ್ಟವರ ಲೆಕ್ಕ ಪೂರ್ತಿ ಇಲ್ಲವೇ ಇಲ್ಲ ಅಂತಲ್ಲ. 2023ರ ಡಿಸೆಂಬರಿನಲ್ಲಿ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳನ್ನು ಬಿಟ್ಟ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳು 13,626. ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರು, ಉತ್ತರ ಬಂತು, ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಒಳ್ಳೆಯದೇ. ಆದರೆ ನಮ್ಮ ಹಳ್ಳಿ ಹುಡುಗ ಹುಡುಗಿಯರು ಓದುವುದು ಐಐಟಿಯಲ್ಲಲ್ಲ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ. ರಾಜ್ಯದಲ್ಲಿ ಅಂಥ ಕಾಲೇಜು 430 ಇವೆ.

ಇಂಗ್ಲೆಂಡಿನ 42 ದಿನ

ಬೇರೆ ಕಡೆ ಇದನ್ನು ಹೇಗೆ ಮಾಡ್ತಾರೆ? ಇಂಗ್ಲೆಂಡಿನಲ್ಲಿ ಶಾಲೆ ಮುಗಿದ ಮೇಲೆ, ವಿಶ್ವವಿದ್ಯಾಲಯದ ಹೊರಗೆ, ಕಸುಬು ಮತ್ತು ಪಿಯುಸಿ ಮಟ್ಟದ ಓದು ಕಲಿಸುವ ಕಾಲೇಜುಗಳಿವೆ. ಅಲ್ಲಿ ಡೇಟಾ ನೋಡಿಕೊಳ್ಳುವುದೇ ಒಂದು ವೃತ್ತಿ. ಅದಕ್ಕೆ ಮ್ಯಾನೇಜರ್ ಇರುತ್ತಾರೆ, ಅವರದೇ ಸಮ್ಮೇಳನಗಳು ನಡೆಯುತ್ತವೆ. ಪ್ರತಿ ವಿದ್ಯಾರ್ಥಿಗೂ ಹತ್ತು ಅಂಕಿಯ ಸಂಖ್ಯೆ. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲಕ್ಕೂ ಕಾಲಂ ಇದೆ. ಈ ದಾಖಲೆಯನ್ನು ವರ್ಷಕ್ಕೊಮ್ಮೆ ಅಲ್ಲ, ವರ್ಷದಲ್ಲಿ ಹಲವು ಸಲ ಸರ್ಕಾರಕ್ಕೆ ಕಳಿಸಬೇಕು.

ಇಷ್ಟು ಶಿಸ್ತು ಯಾಕೆ? ದುಡ್ಡಿಗಾಗಿ. 16ರಿಂದ 19 ವಯಸ್ಸಿನವರು ಸೇರುವ 24 ವಾರ ಅಥವಾ ಅದಕ್ಕಿಂತ ದೊಡ್ಡ ಕೋರ್ಸಿನಲ್ಲಿ ವಿದ್ಯಾರ್ಥಿ 42 ದಿನ ಉಳಿದರೆ ಮಾತ್ರ ಅನುದಾನದ ಲೆಕ್ಕಕ್ಕೆ ಬರುತ್ತಾರೆ. ಅದಾದ ಮೇಲೆ ಪೂರ್ತಿ ಮಾಡದೆ ಬಿಟ್ಟರೆ ಆ ವಿದ್ಯಾರ್ಥಿಗೆ ಲೆಕ್ಕ ಹಾಕುವುದು ಅರ್ಧ ಮಾತ್ರ. ಅಲ್ಲಿ ಆರನೇ ವಾರದ ಹಾಜರಾತಿ ಬರೀ ಹಾಜರಾತಿ ಅಲ್ಲ, ಕಾಲೇಜಿನ ಆದಾಯ.

ಇದನ್ನು ಹಾಗೇ ಎತ್ತಿ ತಂದು ಇಲ್ಲಿ ನೆಡಿ ಅಂತ ನಾನು ಹೇಳ್ತಿಲ್ಲ. ಬಿಟ್ಟವರ ಸಂಖ್ಯೆಗೆ ದುಡ್ಡು ಕಟ್ಟಿದರೆ, ಬಿಟ್ಟು ಹೋಗುವ ಸಾಧ್ಯತೆ ಇರುವ ಬಡ ಮಕ್ಕಳನ್ನು ಸೇರಿಸಿಕೊಳ್ಳುವುದೇ ಬೇಡ ಅಂತ ಕಾಲೇಜುಗಳು ಯೋಚಿಸಬಹುದು. ಬಾರದವರಿಗೂ ಹಾಜರಿ ಹಾಕಬಹುದು. ಕಲಿಯಬೇಕಾದ್ದು ಎರಡೇ: ಬಿಟ್ಟವರಿಗೂ ಒಂದು ಕಾಲಂ ಇರಲು ಸಾಧ್ಯ, ಮತ್ತು ಆ ಕಾಲಂ ತುಂಬಲು ಒಬ್ಬ ಪೂರ್ಣಾವಧಿ ಮನುಷ್ಯ ಬೇಕು.

ನಮ್ಮಲ್ಲಿ? ಕಾರ್ಯಾಗಾರದಲ್ಲಿ ಊಟಕ್ಕೆ ನನ್ನ ಪಕ್ಕ ಕೂತಿದ್ದ ಅರ್ಥಶಾಸ್ತ್ರದ ಮೇಷ್ಟ್ರು ಬೆರಳು ಮಡಚಿ ಎಣಿಸಿದರು. ಪ್ರವೇಶ, ಪರೀಕ್ಷೆಗೆ ಯುಯುಸಿಎಂಎಸ್. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ. ಆಮೇಲೆ ಐಶೆ. ಆಮೇಲೆ ನ್ಯಾಕ್. ಇವೆಲ್ಲದರ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ "ಅತಿ ತುರ್ತು, ಇಂದು ಸಂಜೆ 4ರ ಒಳಗೆ". ಎಲ್ಲರೂ ಕೇಳುವುದು ಬಹುಪಾಲು ಅದೇ ಮಾಹಿತಿ, ಬೇರೆ ಬೇರೆ ಚೌಕದಲ್ಲಿ. "ನಾನು ಪಾಠ ಮಾಡೋದು ಯಾವಾಗ ಹೇಳಿ" ಅಂದರು. ತಪ್ಪು ತುಂಬಿದರೆ ಇವರನ್ನು ಕೇಳ್ತಾರೆ. ಸರಿ ತುಂಬಿದರೆ ಯಾರೂ ಏನೂ ಕೇಳಲ್ಲ. ಅಂಥ ಕಡೆ ನೀವಾಗಿದ್ರೂ ಹೋದ ವರ್ಷದ ಸಂಖ್ಯೆಗೆ ಸ್ವಲ್ಪ ಕೂಡಿಸಿ ಕಳಿಸ್ತೀರಿ.

ಗ್ಯಾರಂಟಿಗೂ ಇದಕ್ಕೂ ಸಂಬಂಧ

ಇದು ಕೋಷ್ಟಕದ ಚರ್ಚೆ ಅಷ್ಟೇ ಅಲ್ಲವಾ, ಇದರಲ್ಲಿ ರಾಜಕೀಯ ಎಲ್ಲಿದೆ ಅಂತ ಕೇಳಬಹುದು.

ಯುವನಿಧಿ ತಗೊಳ್ಳಿ. ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಐದನೇ ಸೆಮಿಸ್ಟರಿನಲ್ಲಿ ಬಿಟ್ಟವನಿಗೆ? ಇಲ್ಲ. ಡಿಗ್ರಿಯೂ ಇಲ್ಲ, ಭತ್ಯೆಯೂ ಇಲ್ಲ. ಅಂಥವರು ಎಷ್ಟು ಜನ ಅನ್ನುವ ಸಂಖ್ಯೆ ಇಲ್ಲದ ಕಾರಣ ಅವರ ಪರವಾಗಿ ಬೇಡಿಕೆ ಇಡಲೂ ಆಗುತ್ತಿಲ್ಲ.

ಶಕ್ತಿ ಯೋಜನೆ ತಗೊಳ್ಳಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಇದರಿಂದ ಹೆಣ್ಣುಮಕ್ಕಳು ಕಾಲೇಜು ಬಿಡುವುದು ಕಡಿಮೆ ಆಯಿತಾ? ಆಗಿರಬಹುದು ಅಂತ ನನಗೆ ಅನ್ನಿಸುತ್ತೆ. ಯೋಜನೆಯನ್ನು ಬೆಂಬಲಿಸುವವರಿಗೆ ಇದಕ್ಕಿಂತ ಒಳ್ಳೆಯ ವಾದ ಇರಲಾರದು, ಟೀಕಿಸುವವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇರಲಾರದು. ಆದರೆ 2022ರಲ್ಲಿ ಸೇರಿದ ಹುಡುಗಿಯರಲ್ಲಿ ಎಷ್ಟು ಮಂದಿ ಮುಗಿಸಿದರು, 2023ರಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಅನ್ನುವ ಕೋಷ್ಟಕ ನಮ್ಮೆದುರು ಇಲ್ಲ. ಇಬ್ಬರೂ ಗಾಳಿಯಲ್ಲಿ ಗುದ್ದಾಡ್ತಾ ಇದ್ದೇವೆ.

ಕಾರಣ ಗೊತ್ತಾದರೆ ಪರಿಹಾರವೂ ಬೇರೆ ಬೇರೆ. ಬಸ್ ಇಲ್ಲದೆ ಬಿಟ್ಟರೆ ಬೆಳಗಿನ ಒಂದು ಟ್ರಿಪ್ ಸಾಕು. ಹಾಸ್ಟೆಲ್ ಸೀಟು ಸಿಗದೆ ಬಿಟ್ಟರೆ ಕಟ್ಟಡ ಬೇಕು. ಇಂಗ್ಲಿಷ್ ಬರದೆ ಬಿಟ್ಟರೆ ಮೊದಲ ವರ್ಷದಲ್ಲೇ ಪಾಠ ಬೇಕು. ವಿದ್ಯಾರ್ಥಿವೇತನ ತಡವಾಗಿ ಬಿಟ್ಟರೆ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಕಡತ ಬೇಗ ಸರಿಯಬೇಕು. 'ದಾಖಲಾತಿ 28.4' ಅನ್ನೋ ಸಂಖ್ಯೆ ಇವುಗಳಲ್ಲಿ ಒಂದನ್ನೂ ಹೇಳಲ್ಲ.

ಎಣಿಸುವುದು, ಕಾವಲು ಕಾಯುವುದಲ್ಲ

ಎಂಜಿನಿಯರ್ ಬುದ್ಧಿ ಇಲ್ಲಿ ಕೂಡಲೇ ಹೇಳುತ್ತೆ: ಎಲ್ಲರಿಗೂ ಒಂದೊಂದು ಐಡಿ ಕೊಡಿ, ಮುಗೀತು. ಅದು ಆಗಲೇ ಬರುತ್ತಿದೆ. ಅಪಾರ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ, ಆಧಾರ್ ಮತ್ತು ಡಿಜಿಲಾಕರ್‌ಗೆ ಜೋಡಣೆ. ಇದು ಐಚ್ಛಿಕ ಅಂತ ಸರ್ಕಾರ ಹೇಳುತ್ತೆ. ಒಬ್ಬ ಹುಡುಗಿ ಯಾವಾಗ ಸೇರಿದಳು, ಯಾವಾಗ ಬಿಟ್ಟಳು, ಯಾಕೆ ಬಿಟ್ಟಳು ಅನ್ನೋದೆಲ್ಲ ಜೀವನಪೂರ್ತಿ ಅವಳ ಸಂಖ್ಯೆಗೆ ಅಂಟಿಕೊಂಡು, ನಾಳೆ ಕೆಲಸ ಕೊಡುವವರ ಕಣ್ಣಿಗೆ ಬೀಳುವುದಾದರೆ, ಆ ಲೆಕ್ಕ ನನಗೂ ಬೇಡ.

ನಮಗೆ ಬೇಕಾದ್ದು ಹೆಸರಲ್ಲ, ಒಟ್ಟು ಸಂಖ್ಯೆ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶದಿಂದ ಫಲಿತಾಂಶದವರೆಗೆ ಒಂದೇ ಕಡೆ ನಡೆಸಲು ತಂದ ಯುಯುಸಿಎಂಎಸ್ ಈಗಾಗಲೇ ಇದೆ. ಅದರಿಂದ ಪ್ರತಿ ಕಾಲೇಜಿಗೆ ಒಂದು ಸಣ್ಣ ಕೋಷ್ಟಕ ತೆಗೆಯಬಹುದು: ಇಂಥ ವರ್ಷ ಸೇರಿದವರು ಇಷ್ಟು, ಎರಡನೇ ವರ್ಷಕ್ಕೆ ಬಂದವರು ಇಷ್ಟು, ಮೂರನೇ ವರ್ಷಕ್ಕೆ ಇಷ್ಟು, ಮುಗಿಸಿದವರು ಇಷ್ಟು. ಬೇರೆ ಕಾಲೇಜಿಗೆ ವರ್ಗವಾದವರನ್ನು, ಮಧ್ಯದಲ್ಲಿ ಬಂದು ಸೇರಿದವರನ್ನು ಪ್ರತ್ಯೇಕ ತೋರಿಸಬೇಕು, ಇಲ್ಲದಿದ್ದರೆ ನನ್ನ ಕ್ಲಾಸಿನ ಕತೆಯೇ ಮರುಕಳಿಸುತ್ತೆ. ಸಣ್ಣ ಕಾಲೇಜಿನಲ್ಲಿ ಒಂದು ವರ್ಗದ ಇಬ್ಬರೇ ಹುಡುಗಿಯರಿದ್ದರೆ ಆ ಮನೆಯನ್ನು ಊರೇ ಗುರುತು ಹಿಡಿಯುತ್ತೆ. ಅದಕ್ಕೆ ಐದಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ಕಾಲೇಜು ಮಟ್ಟದಲ್ಲಿ ಪ್ರಕಟಿಸಬಾರದು, ತಾಲ್ಲೂಕಿನ ಒಟ್ಟು ಲೆಕ್ಕದಲ್ಲಿ ಸೇರಿಸಬೇಕು. ಸಂಖ್ಯೆ ಕೆಟ್ಟದಾಗಿ ಬಂದ ಕಾಲೇಜಿಗೆ ನೋಟಿಸ್ ಅಲ್ಲ, ಸಹಾಯ ಹೋಗಬೇಕು. ನೋಟಿಸ್ ಹೋದರೆ ಮುಂದಿನ ವರ್ಷ ಸಂಖ್ಯೆ ತಾನಾಗಿ ಸುಧಾರಿಸಿರುತ್ತೆ, ಹುಡುಗರು ಮಾತ್ರ ಬಂದಿರಲ್ಲ.

ನೀವು ಮಾಡಬಹುದಾದ್ದು

ವಿದ್ಯಾರ್ಥಿ ಸಂಘಟನೆಗಳಲ್ಲಿರುವ ಗೆಳೆಯರಿಗೆ ಒಂದು ಮಾತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಸರ್ಕಾರಿ, ಅನುದಾನಿತ ಕಾಲೇಜುಗಳು ಮಾಹಿತಿ ಹಕ್ಕಿನ ವ್ಯಾಪ್ತಿಯಲ್ಲಿವೆ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹೀಗೆ ಬರೆಯಿರಿ:

"ತಮ್ಮ ಕಾಲೇಜಿನಲ್ಲಿ 2021-22, 2022-23 ಮತ್ತು 2023-24ನೇ ಸಾಲಿನಲ್ಲಿ ಪ್ರಥಮ ವರ್ಷದ ಪದವಿಗೆ ಸೇರಿದ ವಿದ್ಯಾರ್ಥಿಗಳ ಸಂಖ್ಯೆ, ಅವರಲ್ಲಿ ದ್ವಿತೀಯ ಮತ್ತು ತೃತೀಯ ವರ್ಷಕ್ಕೆ ದಾಖಲಾದವರ ಸಂಖ್ಯೆ, ವರ್ಗಾವಣೆ ಪತ್ರ ಪಡೆದವರ ಸಂಖ್ಯೆ, ಪದವಿ ಪೂರ್ಣಗೊಳಿಸಿದವರ ಸಂಖ್ಯೆ. ಕೋರ್ಸ್, ಲಿಂಗ ಮತ್ತು ವರ್ಗವಾರು ಒಟ್ಟು ಸಂಖ್ಯೆ ಮಾತ್ರ ಸಾಕು, ವಿದ್ಯಾರ್ಥಿಗಳ ಹೆಸರು ಬೇಡ."

ಒಂದು ಜಿಲ್ಲೆಯ ಎಲ್ಲ ಕಾಲೇಜುಗಳಿಗೆ ಹತ್ತು ಜನ ಹಂಚಿಕೊಂಡು ಅರ್ಜಿ ಹಾಕಿದರೆ, ಸರ್ಕಾರದ ಹತ್ತಿರವೂ ಒಂದೇ ಕಡೆ ಇಲ್ಲದ ಕೋಷ್ಟಕ ನಿಮ್ಮ ಹತ್ತಿರ ಇರುತ್ತೆ. ಅರ್ಜಿ ಹಿಡಿದು ಹೋದಾಗ ನೋಡಲ್ ಅಧಿಕಾರಿಯ ಮೇಲೆ ರೇಗಬೇಡಿ. ಅವರು ಆರೋಪಿ ಅಲ್ಲ, ನಿಮಗೆ ಸಿಗಬಹುದಾದ ಅತ್ಯುತ್ತಮ ಸಾಕ್ಷಿ.

ಕಾರ್ಯಾಗಾರ ಮುಗಿದ ಮೇಲೆ ಆ ಮೇಡಂ ಬಸ್ಸಿಗೆ ಕಾಯುತ್ತಿದ್ದರು. ಪ್ರಶ್ನೆ ಯಾಕೆ ಕೇಳಿದಿರಿ ಅಂತ ವಿಚಾರಿಸಿದೆ. ಬ್ಯಾಗಿನಿಂದ ಹಾಜರಾತಿ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದರು. ಬಾರದೇ ಹೋದವರ ಹೆಸರು, ಎದುರಿಗೆ ಪೆನ್ಸಿಲಿನಲ್ಲಿ ಒಂದೊಂದು ಕಾರಣ. ಹನ್ನೊಂದು ಜನ. "ಯಾರೂ ಕೇಳಲ್ಲ ಅಂತ ಗೊತ್ತು ಸರ್. ಬರೆದಿಟ್ಟಿರ್ತೀನಿ, ಅಷ್ಟೆ" ಅಂದರು. ಅಷ್ಟರಲ್ಲಿ ಬಸ್ಸು ಬಂತು.